ಹಿಮ ಕಂಡು ಬಂದ ವಾರಗಿತ್ತಿ

ನನ್ನ ಮೊಮ್ಮಗಳು ಪಲ್ಲವಿಯನ್ನು ಹಿಮದ ಬೆಟ್ಟದಿಂದ ಉಳಿಸಿ ತಂದವಳು ನನ್ನ ವಾರಗಿತ್ತಿ ರಾಜಮ್ಮ ಎಂದು ನಮ್ಮೂರು ಹಂಗಳದಲ್ಲೆಲ್ಲ ಹೇಳುತ್ತಾರೆ. ಹಾಗೇನೂ ಅಲ್ಲ. ರಾಜಮ್ಮ ಇಲ್ಲಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಹಿಂದಕ್ಕೆ ತಿರುಗಿ ನಡೆದದ್ದು ಹುಡುಗಿಯ ಕಾಲು.

ಬೇಸಿಗೆಯ ಬಿಸಿಲಿನಲ್ಲೂ ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡು ಹಸು ಮೇಯಿಸುತ್ತಿದ್ದ ಹೆಂಗಸು ನಮ್ಮ ಕಡೆ ಅವಳೊಬ್ಬಳೇ. ನನ್ನ ಮೈದುನ ಮಿಲಿಟರಿಯಲ್ಲಿದ್ದ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಉತ್ತರದ ಬೆಟ್ಟಗಳ ಕ್ವಾರ್ಟರ್ಸಿಗೆ ಕರೆದುಕೊಂಡು ಹೋದ. ಅವಳು ಅಲ್ಲಿ ಹಿಮ ನೋಡುತ್ತಿದ್ದಷ್ಟು ಕಾಲ ಇಲ್ಲಿ ಅತ್ತೆಯ ಕಾಲು ಒತ್ತಿದವಳು ನಾನು. ವಾಪಸು ಬಂದಾಗ ಅವಳ ಕೆನ್ನೆ ಕೆಂಪಗಿತ್ತು, ಬಾಯಲ್ಲಿ ಹಿಂದಿ ಇತ್ತು. ಹಿಮಕ್ಕೆ ನಾನು ಐಸು ಎಂದರೆ ಸಿಟ್ಟಾಗುತ್ತಿದ್ದಳು.

"ಐಸು ಅನ್ಬೇಡ ಕಣಕ್ಕ. ಅದು ಕಡ್ಡಿಗೆ ಸಿಕ್ಸಿ ಮಾರಾದು. ಇದು ಬರ್ಫು."

ಅಲ್ಲಿನ ಕುರಿ ಕಾಯುವ ಹೆಂಗಸರು ಅವಳಿಗೆ ಬೆಟ್ಟದ ಗುಣ ಹೇಳಿಕೊಟ್ಟಿದ್ದರಂತೆ. ಅದನ್ನು ಅವಳು ಪಲ್ಲವಿಗೆ ಹೇಳಿಕೊಟ್ಟಳು. ಮೊರದಲ್ಲಿ ರವೆ ಹರವಿ, ಅದರ ಮೇಲೆ ನೀರು ಚಿಮುಕಿಸಿದ ರಾಗಿಹಿಟ್ಟನ್ನು ರೊಟ್ಟಿಯ ಹಾಗೆ ತಟ್ಟಿ, ಮೊರವನ್ನು ಓರೆಯಾಗಿ ಹಿಡಿಯುತ್ತಿದ್ದಳು.

"ಮ್ಯಾಲೆ ರೊಟ್ಟಿ, ಕೆಳಗೆ ರವೆ. ರವೆ ಏನಾರ ರೊಟ್ಟಿಯ ಹಿಡ್ಕತದಾ? ನೀನು ಮ್ಯಾಲೆ ಕಾಲಿಟ್ಟೆ ಅಂತಿಟ್ಕೊ." ಬೆರಳಿನಿಂದ ಒಮ್ಮೆ ತಟ್ಟಿದಳು. ಹಿಟ್ಟು ಅಡ್ಡಡ್ಡ ಸೀಳಿ, ಇಡಿಯಾಗಿ ಜಾರಿ ನೆಲಕ್ಕೆ ಬಿತ್ತು. "ಬೆಟ್ಟದ ಮಗ್ಗುಲೂ ಇಂಗೇ ಬತ್ತದೆ ಕಣಮ್ಮಿ."

ಹುಡುಗಿ ಚಪ್ಪಾಳೆ ತಟ್ಟಿತು.

"ಈ ಹಿಟ್ಟ ಯಾರ ತಲೆ ಮ್ಯಾಲೆ ಸುರಿಯಾದು?" ಎಂದೆ ನಾನು.

"ಹಸ ತಿಂತದೆ ಬುಡಕ್ಕ."

ಕಾಡಾನೆ ನಮ್ಮ ಹೊಲಕ್ಕೆ ನುಗ್ಗಿದ್ದು, ನಾನು ತಗಡು ಬಡಿದು ಓಡಿಸಿದ್ದು, ಇದನ್ನು ಹೇಳಲು ಹೊರಟರೆ ಅದೇ ಹುಡುಗಿ ಅರ್ಧಕ್ಕೇ ನಿದ್ದೆ ಮಾಡುತ್ತಿತ್ತು.

ಪಲ್ಲವಿ ದೊಡ್ಡವಳಾಗಿ ಚಾಮರಾಜನಗರದಲ್ಲಿ ನರ್ಸ್ ಆದಳು. ರಜೆಗೆ ಜೊತೆಯವರ ಸಂಗಡ ಹಿಮದಲ್ಲಿ ನಡೆಯಲು ಉತ್ತರಕ್ಕೆ ಹೋದಳು. ಇದನ್ನೆಲ್ಲ ಅವಳ ತಲೆಗೆ ಯಾರು ತುಂಬಿದ್ದು ಎಂದು ನಾನು ಹೇಳಬೇಕಾಗಿಲ್ಲ. ಒಂದು ಬೆಳಿಗ್ಗೆ ಅಲ್ಲಿಂದ ಫೋನು ಬಂತು. ನಮ್ಮ ಮನೆಯಲ್ಲೂ ಮಗನ ಫೋನಿತ್ತು. ಅದಕ್ಕೆ ಬರಲಿಲ್ಲ, ರಾಜಮ್ಮನ ಫೋನಿಗೆ ಬಂತು. ಅವಳು ನನಗೆ ಕೇಳಿಸಲೆಂದೇ ಸ್ಪೀಕರ್ ಹಾಕಿದಳು.

"ಚಿಕ್ಕಜ್ಜಿ, ರಾತ್ರಿಯೆಲ್ಲಾ ಹಿಮ ಬಿದ್ದು ಈಗ ಒಳ್ಳೆ ಬಿಸಿಲು ಬಂದದೆ. ಮುಂದಿನ ಇಳಿಜಾರು ದಾಟಕ್ಕೆ ಎಲ್ರೂ ರೆಡಿಯಾಗವ್ರೆ."

"ಬಿಸಿಲು ಕಂಡು ಕುಣೀಬ್ಯಾಡ. ಗಾಳಿ ಇತ್ತಾ?"

"ಜೋರಾಗಿತ್ತು."

"ಗಾಳಿ ತಂದು ಸುರ್ದಿರದೇ ಮೋಸದ್ದು. ಕೋಲು ಚುಚ್ಚು. ಮ್ಯಾಲೆ ಗಟ್ಟಿ ಸಿಕ್ಕಿ, ಆಮ್ಯಾಕೆ ಸರ್ ಅಂತ ಒಳಕ್ಕೋಯ್ತಾ?"

ಫೋನಿನಲ್ಲಿ ಕೋಲು ಚುಚ್ಚಿದ ಸದ್ದು ಕೇಳಿಸಿತು. "ಹೂಂ, ಓಯ್ತು."

"ಕಾಲಿಟ್ರೆ ಗುಮ್ ಅಂತದಾ?"

"ಆಗ್ಲೇ ಒಂದ್ಸಲ ಅಂತು. ನಾವು ನಗಾಡ್ದೋ."

"ನಗಾಡದಲ್ಲ ಅದು, ಕೆಳಗಿರ ರವೆ ಕುಸ್ದ ಸದ್ದು. ದಾಟ್ಬ್ಯಾಡ, ವಾಪಸ್ ಬಾ."

ನನಗೆ ತಡೆಯಲಾಗಲಿಲ್ಲ. "ಹೊಂಟೋಳ್ನ ಹಿಂದಕ್ಕೆ ಕರೀತಾರಾ ರಾಜಿ? ಅಪಶಕುನ ಅಲ್ವಾ?"

"ಅದು ನಮ್ಮ ಬೀದಿಗೆ ಕಣಕ್ಕ. ಆ ಬೆಟ್ಟಕ್ಕೆ ಶಕುನ ಗೊತ್ತಿಲ್ಲ."

ದಾಟುವುದು ಬೇಡವೆಂದು ಪಲ್ಲವಿ ಜೊತೆಯವರ ಹತ್ತಿರ ಹಟ ಹಿಡಿದಳಂತೆ. ಮುಂದೆ ನಡೆಯುತ್ತಿದ್ದ ಗೈಡಿಗೂ ಅನುಮಾನವಿತ್ತಂತೆ. ಎಲ್ಲರೂ ಇಳಿದು ಬಂದರು. ಮಧ್ಯಾಹ್ನ ಆ ಇಳಿಜಾರಿನ ಹಿಮವೆಲ್ಲ ಒಂದೇ ಸಲಕ್ಕೆ ಕಿತ್ತುಕೊಂಡು ಕೆಳಗೆ ಬಂದದ್ದನ್ನು ದೂರದಿಂದ ನೋಡಿದರು. ಅದರ ಮೇಲೆ ಯಾರೂ ಇರಲಿಲ್ಲ. ಸಂಜೆ ಮತ್ತೆ ಫೋನು, ಮತ್ತೆ ರಾಜಮ್ಮನಿಗೇ. "ಅಜ್ಜಿಗೆ ಯೋಳ್ಬುಡಿ ಚಿಕ್ಕಜ್ಜಿ" ಎಂದಿತು ಹುಡುಗಿ. ಎದುರಿಗೇ ಕೂತು ಎಲ್ಲ ಕೇಳಿಸಿಕೊಂಡಿದ್ದ ನನಗೆ ರಾಜಮ್ಮ ಮೊದಲಿನಿಂದ ಹೇಳಿದಳು, ಟೋಪಿ ಸರಿಮಾಡಿಕೊಂಡು. ಅಂದಿನಿಂದ ಊರಿನವರು ಅವಳನ್ನು ಜೀವ ಉಳಿಸಿದವಳು ಎಂದರು. ಅವಳು ಒಂದು ದಿನವೂ ಅಲ್ಲ ಎನ್ನಲಿಲ್ಲ.

ಈ ಚಳಿಗಾಲದಲ್ಲಿ ಜ್ವರ ಬಂದು ರಾಜಮ್ಮ ಹೋದಳು. ಹಿಮದಲ್ಲಿ ಏನೂ ಆಗದವಳು ಹಂಗಳದ ಚಳಿಗೆ ಹೋದಳು. ಪಲ್ಲವಿ ಬಂದು ಅವಳ ಕಾಲು ಹಿಡಿದುಕೊಂಡು ಅತ್ತಳು. ನಾನು ಸತ್ತರೂ ಹೀಗೆ ಅಳುತ್ತಾಳಾ ಎಂದು ನೋಡುತ್ತ ನಿಂತಿದ್ದೆ. ಮಣ್ಣು ಮಾಡಿದ ಸಂಜೆಯೇ ಅವಳಿಗೆ ಡ್ಯೂಟಿಗೆ ಹೋಗಬೇಕಾಗಿತ್ತು. ಬಸ್ಸಿನ ತನಕ ಹೋದೆ.

"ಇನ್ನು ಆ ಬೆಟ್ಟದ ಸಾವಾಸ ಬುಟ್ಬುಡು ಕಣಮ್ಮಿ."

"ಇಲ್ಲ ಅಜ್ಜಿ, ಓಯ್ತೀನಿ. ಆದ್ರೆ ಅಲ್ಲಿಂದ ಇನ್ಯಾರಿಗೆ ಫೋನ್ ಮಾಡ್ಲಿ?"

ನಾನು ಅವಳ ಮುಂದೆಯೇ ನಿಂತಿದ್ದೆ. ಬಸ್ಸು ಹೊರಟಿತು.

ಮಾರನೆಯ ಬೆಳಿಗ್ಗೆ ಸೀರೆ ಬದಲಿಸಿ ಹೊರಟೆ. ಸೂತಕದ ಮನೆಯವಳು ಅಂಗಡಿಗೆ ಹೋಗಬಾರದು ಎಂದ ಮಗ. ಹೋದೆ. ಗುಂಡ್ಲುಪೇಟೆಯಲ್ಲಿ ಬಟನ್ ಒತ್ತುವ ಫೋನೊಂದನ್ನು ಕೊಂಡು, ಅಂಗಡಿಯವಳ ಕೈಯಲ್ಲೇ ಪಲ್ಲವಿಯ ನಂಬರ್ ಒತ್ತಿಸಿದೆ.

"ಹಲೋ, ಯಾರು?"

"ನಿಮ್ಮಜ್ಜಿ. ಬರ್ಫಿನ ಇಚಾರ ನಂಗೇನೂ ಗೊತ್ತಿಲ್ಲ. ಆದ್ರೂ ಮೊದ್ಲು ನಂಗೇ ಮಾಡು."