ಮುದ್ದೆಗೆ ಎಷ್ಟು ಸ್ಟಾರ್?

ಮಧ್ಯಾಹ್ನ ಊಟಕ್ಕೆ ಹೋಗಿದ್ದ ಇಂದಿರಾನಗರದ ಕೆಫೆಯೊಂದರ ಮೆನುವಿನಲ್ಲಿ ರಾಗಿ ಮುದ್ದೆ ಇದೆ ಅಂತ ನಾನು ಓದಿ ಹೇಳಿದ್ದೇ ತಡ, ಅಮ್ಮ ಬೇರೇನೂ ಬೇಡ ಅಂದಳು. ಹೊರಮಾವಿನಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿರುವ ನಮ್ಮ ಹೊಲದಲ್ಲಿ ರಾಗಿ ಕೊಯ್ದವಳು ಅವಳು.

ಲಾಡಿನಷ್ಟು ಚಿಕ್ಕ ಮೂರು ಮುದ್ದೆ ಬಂದವು, ಜೊತೆಗೆ ಬಸ್ಸಾರು, ಒಂದು ಫೋರ್ಕು. ಅಮ್ಮ ಫೋರ್ಕನ್ನು ಪಕ್ಕಕ್ಕಿಟ್ಟು, ಮುರಿದು, ಸಾರಿಗೆ ಅದ್ದಿ, ಎರಡನ್ನು ನುಂಗಿಯೇಬಿಟ್ಟಳು.

ನೋಡುತ್ತಿದ್ದ ಶೆಫ್ ಹತ್ತಿರ ಬಂದರು. ಅಸ್ಸಾಂ ಕಡೆಯವರು, ಕನ್ನಡ ಇಲ್ಲೇ ಕಲಿತಿದ್ದಂತೆ. "ಅಮ್ಮಾ, ನೀವು ಅಗೀಲೇ ಇಲ್ಲ!"

"ಮುದ್ದೆ ಯಾರಪ್ಪಾ ಅಗೀತಾರೆ? ಹಲ್ಲಿಗೆ ಅಂಟ್ಕೊಳುತ್ತೆ."

ಶೆಫ್ ಪೆಚ್ಚಾದರು. ಅವರು ಇಷ್ಟು ದಿನ ಅಗಿದೇ ರುಚಿ ನೋಡುತ್ತಿದ್ದರಂತೆ. ಸಪ್ಪೆ ಅನ್ನಿಸಿ ಬೆಣ್ಣೆ, ಜೀರಿಗೆ ಬೇರೆ ಬೆರೆಸುತ್ತಿದ್ದರಂತೆ. ಅಮ್ಮ ಉಳಿದ ಮುದ್ದೆಯಿಂದ ಒಂದು ತುತ್ತು ಅದ್ದಿ ಕೊಟ್ಟಳು. ನುಂಗಿದರು. ಕಣ್ಣಲ್ಲಿ ನೀರು ಬಂತು.

"ಹಂಗಾದ್ರೆ ಚೆನ್ನಾಗಿದೆ ಅಂತ ಹೆಂಗೆ ಗೊತ್ತಾಗುತ್ತೆ?"

ಅಮ್ಮ ಹೊಟ್ಟೆ ತಟ್ಟಿಕೊಂಡಳು. "ಇದನ್ನ ಕೇಳ್ಬೇಕು. ರಾತ್ರಿ ಊಟದ ತನಕ ಏನೂ ಬೇಡ ಅಂದ್ರೆ, ಮುದ್ದೆ ಚೆನ್ನಾಗಿತ್ತು ಅಂತ."

ಅಷ್ಟರಲ್ಲಿ ರೇಟಿಂಗ್ ಕೊಡಿ ಅಂತ ನನ್ನ ಫೋನಿಗೆ ಮೆಸೇಜ್ ಬಂತು. ಐದು ಸ್ಟಾರ್ ಒತ್ತಲು ಹೋದರೆ ಅಮ್ಮ ಕೈ ಹಿಡಿದಳು. "ಈಗ್ಲೇ ಹೆಂಗೆ ಕೊಡ್ತೀಯಾ? ಸಂಜೆ ತನಕ ತಡಿ."

ಶೆಫ್ ಕೂಡ ಗಂಭೀರವಾಗಿ ತಲೆಯಾಡಿಸಿದರು. "ಕಾಯ್ತೀನಿ ಅಮ್ಮಾ."

ಮನೆಗೆ ಬಂದು ನಾನೂ ಕಾದೆ. ನಾಲ್ಕು ಗಂಟೆಗೆ ಅಡುಗೆಮನೆಯಲ್ಲಿ ಚಕ್ಕುಲಿ ಡಬ್ಬದ ಮುಚ್ಚಳ ತೆಗೆದ ಸದ್ದಾಯಿತು.

ಮೂರು ಸ್ಟಾರ್ ಒತ್ತಿದೆ.