ಗಾಡಿಯ ಕೆಳಗೆ ಒಮ್ಮೆ ನೋಡಿ

ನಾನು ಹುಟ್ಟಾ ಪುಕ್ಕಲಿ. ಹಲ್ಲಿ, ಗುಡುಗು, ಗ್ಯಾಸ್ ಸಿಲಿಂಡರು, ಶಾಲೆಗೆ ಹೇಳದೆ ಕೇಳದೆ ಬರುವ ಸಾಹೇಬರು, ಹೀಗೆ ಹೆದರಲು ನನಗೆ ವಿಷಯದ ಬರ ಎಂದೂ ಬಂದಿಲ್ಲ. ಆದರೆ ಒಂದು ಖಾಲಿ ಬಿಸ್ಕತ್ತಿನ ಡಬ್ಬಿಗೂ ಹೆದರುವ ದಿನ ಬಂದೀತೆಂದು ಅಂದುಕೊಂಡಿರಲಿಲ್ಲ.

ಡಬ್ಬಿ ತಂದು ನನ್ನ ಮುಂದಿಟ್ಟವರು ನಮ್ಮ ಯಜಮಾನರು. ನಮ್ಮ ಬೆಕ್ಕು ಮೇಸ್ತ್ರಿ ವಯಸ್ಸಾಗಿ ತೀರಿಕೊಂಡು ಮೂರು ವಾರವಾಗಿತ್ತು. ಯುಗಾದಿ ಹತ್ತಿರ ಬಂದಿತ್ತು. ಯುಗಾದಿಗೆ ನಮ್ಮ ಕಡೆ ಮನೆಯ ಸಾಮಾನೆಲ್ಲ ಅಂಗಳಕ್ಕೆ ಬಂದು, ತೊಳೆಸಿಕೊಂಡು, ಬೇಕಾದವು ಮಾತ್ರ ಒಳಗೆ ಹೋಗುತ್ತವೆ.

"ನೋಡೆ, ಈ ಡಬ್ಬಿ ತುಂಬ ಏನ್ ಬೇಕಾದ್ರೂ ಇಟ್ಕ. ಉಳಿದಿದ್ದು ಹಬ್ಬದೊಳಗೆ ಹೋಗ್ಲಿ. ಎಲ್ಲಿ ನೋಡಿದ್ರೂ ಅದರ ಸಾಮಾನೇ ಐತೆ, ನಂಗೂ ಅನ್ನ ಇಳಿಯಲ್ಲ" ಎಂದರು.

ಮೇಸ್ತ್ರಿ ಎಂಬ ಹೆಸರಿಗೆ ಕಾರಣವಿದೆ. ನ್ಯಾಮತಿಯಲ್ಲಿ ಈ ಮನೆ ಕಟ್ಟಿಸುವಾಗ ಎಲ್ಲಿಂದಲೋ ಬಂದ ಮರಿ, ಮರಳಿನ ರಾಶಿಯ ಮೇಲೆ ಕೂತು ಗಾರೆ ಕೆಲಸದವರನ್ನು ದುರುಗುಟ್ಟಿ ನೋಡುತ್ತಿತ್ತು. ಬೆಕ್ಕುಗಳು ಮರಳಿನ ರಾಶಿಗೆ ಬರುವುದು ಮೇಲ್ವಿಚಾರಣೆಗಲ್ಲ ಎಂಬುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಹೆಸರು ಅಂಟಿಕೊಂಡಾಗಿತ್ತು.

ಇನ್ನು ಉಳಿಸಿಕೊಳ್ಳುವುದೇನನ್ನು? ಮಠಗಳಲ್ಲಿ ಹಿರಿಯ ಸ್ವಾಮಿಗಳ ಪಾದುಕೆ ಇಟ್ಟಿರುತ್ತಾರೆ, ಅರಮನೆಗಳಲ್ಲಿ ರಾಜರ ಕತ್ತಿ. ಪಾದುಕೆಯನ್ನೂ ಮೆಟ್ಟದ, ಕತ್ತಿಯನ್ನೂ ಹಿಡಿಯದ ಪ್ರಾಣಿಯದು ಏನಿರುತ್ತದೆ? ಮಲಗುತ್ತಿದ್ದ ಗೋಣಿತಟ್ಟು ನಮ್ಮದು, ಹರಿದು ಹಾಕಿದ ಸೀಟಿನ ಕವರು ನನ್ನ ಸ್ಕೂಟರಿನದು. ಉಣ್ಣುತ್ತಿದ್ದ ಸ್ಟೀಲ್ ತಟ್ಟೆ ನನ್ನ ನಾದಿನಿ ಗೃಹಪ್ರವೇಶಕ್ಕೆ ಕೊಟ್ಟದ್ದು, ಅಂಚಿನಲ್ಲಿ ಅವಳ ಹೆಸರನ್ನೂ ಗಂಡನ ಹೆಸರನ್ನೂ ಕೊರೆಸಿದ್ದಾಳೆ. ಅವಳು ಜಗಳೂರಿನಿಂದ ಬಂದಾಗಲೆಲ್ಲ ಮೇಸ್ತ್ರಿಗೆ ಬಾಳೆ ಎಲೆಯ ಊಟ. ಈಗ ಆ ತಟ್ಟೆಯನ್ನು ನೆನಪಿಗೆಂದು ಎತ್ತಿಟ್ಟರೆ, ನಾಳೆ ನೋಡಿದವರು ನಾದಿನಿಗೇ ಏನೋ ಆಯಿತೆಂದು ಮರುಗುವ ಅಪಾಯವಿತ್ತು.

ನಗು ಹಾಗಿರಲಿ, ನನ್ನ ಹೆದರಿಕೆಗೆ ಆಧಾರವಿತ್ತು. ಅವ್ವ ತೀರಿಕೊಂಡಾಗ ಅವಳ ಹಸಿರು ಸೀರೆಯೊಂದನ್ನು ತೊಳೆಯದೆ ಟ್ರಂಕಿನಲ್ಲಿಟ್ಟಿದ್ದೆ. ಅದರಲ್ಲಿ ಅವಳ ವಾಸನೆ ಇತ್ತು. ಹುಳ ಹೊಡೆದೀತೆಂದು ನಾಲ್ಕು ನುಸಿಗುಳಿಗೆ ಹಾಕಿದ್ದೆ. ವರ್ಷವಾದ ಮೇಲೆ ಒಂದು ದಿನ ತಡೆಯಲಾರದೆ ತೆರೆದು ಮುಖಕ್ಕೆ ಹಿಡಿದರೆ, ಬರೀ ನುಸಿಗುಳಿಗೆ. ಇವತ್ತು ಅವ್ವನನ್ನು ನೆನೆದರೆ ಮೊದಲು ಮೂಗಿಗೆ ಬರುವುದೇ ಅದು. ಕಾಪಾಡಲು ಹೋಗಿ ಕಳೆದುಕೊಂಡವಳು ನಾನು. ಈ ಸಲವೂ ತಪ್ಪು ವಸ್ತುವನ್ನು ಇಟ್ಟುಕೊಂಡು ಸರಿಯಾದದ್ದನ್ನು ಚೆಲ್ಲಿಬಿಟ್ಟರೆ? ಮೇಸ್ತ್ರಿಯೂ ಹಾಗೇ ಅಳಿಸಿಹೋದರೆ? ಆ ಹತ್ತು ದಿನ ಡಬ್ಬಿಯನ್ನು ಕಂಡರೆ ಎದೆ ಡವಗುಟ್ಟುತ್ತಿತ್ತು.

ಕೊನೆಗೆ ಸೋಫಾದ ಸಂದಿಯಲ್ಲಿ ಸಿಕ್ಕ ಒಂದು ಮೀಸೆ, ದನದ ಆಸ್ಪತ್ರೆಯ ಚೀಟಿ, ಗೋಣಿತಟ್ಟಿನ ಅಂಗೈಯಗಲದ ತುಂಡು, ಇಷ್ಟನ್ನು ಹಾಕಿ ಮುಚ್ಚಳ ಒತ್ತಿದೆ. ನುಸಿಗುಳಿಗೆ ಹಾಕಲಿಲ್ಲ. ತಟ್ಟೆಯನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕಿ ಸ್ಟ್ಯಾಂಡಿಗೆ ಸೇರಿಸಿದೆ. ಹಬ್ಬ ಕಳೆಯಿತು, ಬೇವುಬೆಲ್ಲ ತಿಂದದ್ದಾಯಿತು.

ಇಲ್ಲಿ ನನ್ನ ಒಂದು ಚಾಳಿಯನ್ನು ಹೇಳಬೇಕು. ಮೇಸ್ತ್ರಿ ಇನ್ನೂ ಮರಿಯಾಗಿದ್ದಾಗ ಒಂದು ಬೆಳಿಗ್ಗೆ ನೋಡದೆ ಸ್ಕೂಟರನ್ನು ಹಿಂದಕ್ಕೆ ತಳ್ಳಿದ್ದೆ. ಕೆಳಗಿನಿಂದ ಬಂದ ಆ ಕಿರುಚಾಟ ಇನ್ನೂ ಕಿವಿಯಲ್ಲಿದೆ. ಜೀವಕ್ಕೇನೂ ಆಗಲಿಲ್ಲ, ಬಾಲದ ತುದಿ ಮಾತ್ರ ಜೀವನವಿಡೀ ಸೊಟ್ಟಗೇ ಉಳಿಯಿತು. ಅಂದಿನಿಂದ ಹೊನ್ನಾಳಿಯ ಶಾಲೆಗೆ ಹೊರಡುವ ಮುನ್ನ ಬಗ್ಗಿ ಗಾಡಿಯ ಕೆಳಗೆ ನೋಡದೆ ನಾನು ಕೀಲಿ ತಿರುಗಿಸಿದ್ದಿಲ್ಲ. ಒಳಗಿಂದ ಯಜಮಾನರು, "ಕೆಳಗೆ ನೋಡಿದ್ಯೇನೆ?" ಅನ್ನುವರು. ಮೇಸ್ತ್ರಿ ಅಲ್ಲಿದ್ದರೆ ಬೈದು ಎಬ್ಬಿಸುತ್ತಿದ್ದೆ. ಇಲ್ಲದಿದ್ದರೆ, "ಇಲ್ಲ ರೀ, ಯಾರೂ ಇಲ್ಲ" ಅನ್ನುತ್ತಿದ್ದೆ. ಎದುರು ಮನೆಯ ಗಂಗಜ್ಜಿ ಇದನ್ನು ಬೇರೆಯೇ ತಿಳಿದಿದ್ದಳು. "ಟೀಚರಮ್ಮ, ದಿನಾ ಗಾಡಿಗೆ ಅಡ್ಡ ಬೀಳ್ತೀಯಲ್ಲ, ಒಂದಿನ ಗುಡಿಗೂ ಬಂದು ಬೀಳು" ಎಂದು ಛೇಡಿಸುತ್ತಿದ್ದಳು. ಬೆಕ್ಕು ಹೋದ ಮೇಲೂ ನನ್ನ ಸೊಂಟ ತಾನಾಗಿ ಬಗ್ಗುತ್ತಿತ್ತು. ಯಜಮಾನರು ಮಾತ್ರ ಕೇಳುವುದನ್ನು ಬಿಟ್ಟಿದ್ದರು.

ಹಬ್ಬದ ರಜೆ ಮುಗಿದ ಸೋಮವಾರ. ತಡವಾಗಿತ್ತು. ಡಬ್ಬಿಯ ಭಾರ ಇಳಿದಿತ್ತಲ್ಲ, ಏನೋ ಹಗುರ. ಗಾಡಿ ತೆಗೆದವಳು ಬಸ್‌ಸ್ಟ್ಯಾಂಡ್ ದಾಟಿದ್ದೆ. ಆಗ ಥಟ್ಟನೆ ನೆನಪಾಯಿತು. ನಾನು ಬಗ್ಗಿರಲಿಲ್ಲ.

ಗಾಡಿ ತಿರುಗಿಸಿದೆ. ದಾರಿಯುದ್ದಕ್ಕೂ ಕಣ್ಣ ಮುಂದೆ ಆ ಸೊಟ್ಟ ಬಾಲ. ದೇವರೇ, ಏನೂ ಆಗಿರದಿರಲಿ ಎಂದು ಬೇಡಿಕೊಳ್ಳುತ್ತ ಗೇಟು ತಳ್ಳಿ, ಗಾಡಿ ನಿಲ್ಲಿಸುತ್ತಿದ್ದ ಜಾಗಕ್ಕೆ ಓಡಿದೆ. ನೆಲದ ಮೇಲೆ ಎರಡು ಹನಿ ಆಯಿಲ್ ಬಿಟ್ಟರೆ ಏನೂ ಇರಲಿಲ್ಲ.

"ಸದ್ಯ" ಎಂದು ಉಸಿರು ಬಿಟ್ಟೆ. ಸತ್ತ ಬೆಕ್ಕಿನ ಮೇಲೆ ಗಾಡಿ ಹರಿದಿಲ್ಲವೆಂದು ಸಮಾಧಾನಪಟ್ಟವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಮರುಕ್ಷಣ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅತ್ತೆ. ಇಷ್ಟು ದಿನ ಬರದ ಅಳು.

ಯಜಮಾನರು ಬಾಗಿಲಿಗೆ ಬಂದು, "ಏನ್ ಮರೆತೆ?" ಎಂದರು.

"ಬಗ್ಗಿ ನೋಡಾದು ಮರೆತಿದ್ದೆ ರೀ" ಎಂದೆ. ಅವರು ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟರು.

ಡಬ್ಬಿ ಈಗಲೂ ಅಟ್ಟದ ಮೇಲಿದೆ. ಮೀಸೆ ಒಂದು ದಿನ ಪುಡಿಯಾಗುತ್ತದೆ, ಚೀಟಿಯ ಶಾಯಿ ಮಾಸುತ್ತದೆ. ಹೋಗಲಿ. ಆ ಬೆಕ್ಕು ನನಗೆಂದೇ ಬಿಟ್ಟುಹೋದದ್ದು ಒಂದು ಹೆದರಿಕೆ, ಅದನ್ನು ಇಡಲು ಡಬ್ಬಿ ಬೇಕಿಲ್ಲ. ದಿನಕ್ಕೊಮ್ಮೆ ಬಗ್ಗಿದರೆ ಸಾಕು.

ಮಂಗಳವಾರ ಬೆಳಿಗ್ಗೆ ಕೀಲಿ ಹಾಕುವಷ್ಟರಲ್ಲಿ ಒಳಗಿಂದ ಕೂಗು ಬಂತು.

"ಕೆಳಗೆ ನೋಡಿದ್ಯೇನೆ?"

ಬಗ್ಗಿದೆ. ಚೆನ್ನಾಗಿ, ಎರಡೂ ಚಕ್ರದ ಹಿಂದೆ ಮುಂದೆ ನೋಡಿದೆ.

"ಇಲ್ಲ ರೀ, ಯಾರೂ ಇಲ್ಲ" ಎಂದೆ.

"ಹಂಗಾರೆ ಹೊರಡು, ತಡ ಆಗ್ತೈತೆ" ಎಂದರು.