ಗನ್ ಇಲ್ಲದ ಮೊದಲ ವಿಮಾನ

ದೆಹಲಿಯ ಜನಕಪುರಿಯ ಜಲಜಾ ಮೂವತ್ತೊಂದು ವರ್ಷ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದರು. ತುಮಕೂರಿನಿಂದ ಮದುವೆಯಾಗಿ ಬಂದವರು. ಎಂಜಿನಿಯರುಗಳು ಹೇಳಿದ ಹಾಗೆ ಗೆರೆ ಎಳೆದರು, ಎದುರು ಮಾತಾಡಲಿಲ್ಲ. ಒಮ್ಮೆ ಒಂದು ಶಾಲೆಯ ನಕ್ಷೆಯಲ್ಲಿ ಮೂರನೆಯ ಮೆಟ್ಟಿಲು ಒಂದಂಗುಲ ಎತ್ತರವಾಗಿದ್ದು ಕಣ್ಣಿಗೆ ಬಿದ್ದಿತ್ತು. ಆಗಲೂ ಸುಮ್ಮನಿದ್ದರು. ಕಟ್ಟಡ ಎದ್ದ ಮೇಲೆ ಹೋಗಿ ನೋಡಿದರೆ, ಹತ್ತುವವರೆಲ್ಲ ಅಲ್ಲೇ ಎಡವುತ್ತಿದ್ದರು.

ನಿವೃತ್ತಿಯ ಮರುವರ್ಷ ಅನೂಪ್ ಅವರನ್ನು ಕೆಲಸಕ್ಕೆ ಕರೆದ. ಹಳೆಯ ಸಹೋದ್ಯೋಗಿಯ ಮಗ, ದೆಹಲಿಯಲ್ಲೇ ಬೆಳೆದವನು. ಪಕ್ಕದ ಫರೀದಾಬಾದಿನಲ್ಲಿ ತಗಡಿನ ಕೆಲಸದ ಕಾರ್ಖಾನೆ ಇಟ್ಟುಕೊಂಡಿದ್ದ. ಅರವತ್ತು ವರ್ಷದ ಹಿಂದೆ ಹಾರಿದ ಯುದ್ಧವಿಮಾನವೊಂದರ ಮೊಟ್ಟಮೊದಲ ಮಾದರಿಯನ್ನು ಅದೇ ಅಳತೆಯಲ್ಲಿ ಮತ್ತೆ ಮಾಡಿಕೊಡಲು ಒಂದು ವಸ್ತುಸಂಗ್ರಹಾಲಯ ಕೇಳಿತ್ತು. ಮೂಲ ವಿಮಾನವೂ ಇರಲಿಲ್ಲ, ನಕ್ಷೆಯೂ ಇರಲಿಲ್ಲ. ಇದ್ದದ್ದು ಹನ್ನೊಂದು ಕಪ್ಪುಬಿಳುಪು ಫೋಟೋ.

ಚಕ್ರದ ಅಳತೆಯೊಂದು ಮಾತ್ರ ಗೊತ್ತಿತ್ತು. ಅದನ್ನೇ ಹಿಡಿದು ಜಲಜಾ ರೆಕ್ಕೆ, ಬಾಲ, ಚಾಲಕನ ಮೇಲಿನ ಗಾಜಿನ ಮುಚ್ಚಳ ಎಲ್ಲದರ ಲೆಕ್ಕ ಹಾಕಿದರು. ವಿಮಾನದ ಮೂತಿಗೆ ಬರುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಅನೂಪ್ ಕಾಯದೆ, ಅದೇ ಬಗೆಯ ನಂತರದ ವಿಮಾನಗಳ ಚಿತ್ರ ನೋಡಿ ಮೂತಿ ಮಾಡಿಸಿ ಅದರಲ್ಲಿ ಗನ್ನುಗಳಿಗೆ ನಾಲ್ಕು ತೂತು ಕೊರೆಸಿಬಿಟ್ಟಿದ್ದ. ಫೋಟೋದಲ್ಲಿ ಮೂತಿ ನುಣ್ಣಗಿತ್ತು. ಮೂರು ದಿನ ಭೂತಗನ್ನಡಿ ಹಿಡಿದು ನೋಡಿ, ಜಲಜಾ ಈ ತೂತುಗಳು ತಪ್ಪು ಎಂದು ಹೇಳಿಯೇಬಿಟ್ಟರು.

"ಅಚ್ಛಾ ಆಂಟಿ, ಗನ್ ಇಲ್ದಿದ್ರೆ ಇದನ್ನ ಫೈಟರ್ ಅಂತ ಯಾರು ನಂಬ್ತಾರೆ?" ಎಂದ ಅನೂಪ್.

"ಇದು ಹಾರುತ್ತೋ ಇಲ್ವೋ ಅಂತ್ಲೇ ಆಗ ಯಾರಿಗೂ ಗೊತ್ತಿರ್ಲಿಲ್ಲ. ಅದನ್ನ ತಿಳ್ಕೊಳ್ಳೋಕೆ ಮಾಡಿದ್ದು ಕಣಪ್ಪ. ಗನ್ನು ಆಮೇಲೆ ಬಂತು. ಹೀಗೇ ಬಿಡೋದಾದ್ರೆ ನನ್ನ ನಕ್ಷೆ ವಾಪಸ್ ಕೊಟ್ಬಿಡು."

ಅನೂಪ್ ಮುಖ ಗಂಟಿಕ್ಕಿಕೊಂಡು ಹೊರಗೆ ಹೋದ. ಒಂದು ವಾರ ಫೋನಿಲ್ಲ. ಕೆಲಸ ಹೋಯಿತೆಂದೇ ಜಲಜಾ ತಿಳಿದರು. ಬೇಸರವಾಯಿತು, ಆದರೆ ಹೇಳಬಾರದಿತ್ತು ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಎಂಟನೆಯ ದಿನ ಅವನೇ ಫೋನ್ ಮಾಡಿದ. ತಾನೇ ಕೂತು ಹನ್ನೊಂದು ಫೋಟೋವನ್ನೂ ನೋಡಿದ್ದನಂತೆ. ಯಾವುದರಲ್ಲೂ ತೂತಿಲ್ಲ, ಹಳೆಯ ಮೂತಿ ಬಿಚ್ಚಿಸಿದ್ದೇನೆ, ಹೊಸದಕ್ಕೆ ಅಳತೆ ಬೇಕು ಎಂದ.

ಹನ್ನೆರಡು ದಿನದಲ್ಲಿ ಹೊಸ ಮೂತಿ ಕೂತಿತು. ವಿಮಾನ ಸಂಗ್ರಹಾಲಯ ಸೇರಿದ ದಿನ ಅನೂಪ್ ಅಲ್ಲಿನ ಅಧಿಕಾರಿಗಳನ್ನು ಮೊದಲು ಮೂತಿಯ ಮುಂದೆಯೇ ನಿಲ್ಲಿಸಿ, ಇದು ಹೀಗೇ ಇತ್ತೆಂದು ಕಂಡುಹಿಡಿದವರು ಇವರು ಎಂದು ಜಲಜಾರನ್ನು ಮುಂದಕ್ಕೆ ಕರೆದ.

ಈಗ ಅವರು ವಾರಕ್ಕೆರಡು ದಿನ ಕಾಲ್ಕಾಜಿಯಲ್ಲಿ ಮೆಟ್ರೋ ಬದಲಿಸಿ ಫರೀದಾಬಾದಿಗೆ ಹೋಗುತ್ತಾರೆ. ಅವರು ನೋಡಿ ಸರಿ ಅನ್ನುವವರೆಗೆ ಅಲ್ಲಿ ಯಾರೂ ತಗಡು ಕತ್ತರಿಸುವುದಿಲ್ಲ.